ಪಿಎಸ್‌2 ಡಿಸ್ಕ್ ಓದುತ್ತಿಲ್ಲವೇ? ನಾಲ್ಕು ಉಪಾಯ, ನಾನು ಕಂಡ ಫಲ

ಹಳೆಯ ಪಿಎಸ್‌2 (ಸೋನಿಯ ಪ್ಲೇಸ್ಟೇಷನ್ 2 ಗೇಮ್ ಕನ್ಸೋಲ್) ಡಿಸ್ಕ್ ಓದದಿದ್ದರೆ ‘ಲೆನ್ಸ್ ಹೋಗಿದೆ, ಬದಲಾಯಿಸಿ’ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಅಷ್ಟು ಅವಸರ ಬೇಡ. ನಮ್ಮ ಮನೆಯಲ್ಲಿರುವುದು ದಪ್ಪ ಮಾಡೆಲ್. ವರ್ಷಗಟ್ಟಲೆ ಧೂಳು ಕುಡಿದಿದೆ, ಪಕ್ಕದಲ್ಲೇ ದೇವರ ಕೋಣೆ, ಊದುಬತ್ತಿ ಹೊಗೆ ಬೇರೆ. ಅದರ ಮೇಲೆ ನಾಲ್ಕೂ ಉಪಾಯ ಮಾಡಿ ನೋಡಿದೆ.

ಮೊದಲು ಸುಮ್ನೆ ಒಂದು ಪರೀಕ್ಷೆ. ಬೆಳ್ಳಿ ತಳದ ಡಿವಿಡಿ, ನೀಲಿ ತಳದ ಸಿಡಿ, ಎರಡನ್ನೂ ಹಾಕಿ. ಡಿವಿಡಿಗೆ 650 ನ್ಯಾನೋಮೀಟರ್, ಸಿಡಿಗೆ 780 ನ್ಯಾನೋಮೀಟರ್ ಲೇಸರ್; ಎರಡೂ ಒಂದೇ ಲೆನ್ಸ್ ಮೂಲಕ ಹೋಗುತ್ತವೆ. ಎರಡೂ ಓದದಿದ್ದರೆ ಕೊಳೆಯ ಅನುಮಾನ ಜಾಸ್ತಿ. ಒಂದೇ ಕೈಕೊಟ್ಟರೆ ಲೇಸರ್ ಸೊರಗಿರಬಹುದು. ಸಿಡಿಯನ್ನು ಬೆಳಕಿಗೆ ಹಿಡಿದಾಗ ಸೂಜಿತೂತು ಕಂಡರೆ ತಪ್ಪು ಡಿಸ್ಕಿನದೇ. ಸಿಡಿಯ ಮಾಹಿತಿ ಪದರ ಲೇಬಲ್‌ನ ಅಡಿಯಲ್ಲೇ ಇರುತ್ತದೆ, ತಳಕ್ಕೆ ಟೂತ್‌ಪೇಸ್ಟ್ ಉಜ್ಜಿದರೆ ಆ ತೂತು ಸರಿಹೋಗಲ್ಲ.

ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್: ಅಗ್ಗ, ಏನನ್ನೂ ಬಿಚ್ಚಬೇಕಿಲ್ಲ. ಒಣ ಧೂಳು ಹೋಯಿತು, ಹೊಗೆಯ ಜಿಡ್ಡು ಹಾಗೇ ಉಳಿಯಿತು. ನನಗಂತೂ ದಂಡ.

ಗೆದ್ದದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಯವರ ಬಾಯಲ್ಲಿ ಐಪಿಎ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಮೊಬೈಲ್ ರಿಪೇರಿ ಸಾಮಾನಿನ ಜೊತೆಗೇ ಸಿಗುತ್ತದೆ. 99 ಪರ್ಸೆಂಟ್‌ದೇ ಕೇಳಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇದ್ದರೆ ಕಲೆ ಉಳಿಯುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಅಂತೂ ಮುಟ್ಟಲೇಬೇಡಿ, ಲೆನ್ಸ್ ಪ್ಲಾಸ್ಟಿಕ್‌ನದು. ಕರೆಂಟ್ ವೈರ್ ಕಿತ್ತಿಟ್ಟು, ತಳದ ಮುಚ್ಚಳಗಳ ಅಡಿಯ ಸ್ಕ್ರೂ ಬಿಚ್ಚಿ. ಮೇಲಿನ ಕವಚವನ್ನು ಜಗ್ಗಬೇಡಿ: ಪವರ್ ಬಟನ್‌ನ ಪಟ್ಟಿ ಕೇಬಲ್ ಅದಕ್ಕೇ ಅಂಟಿಕೊಂಡಿರುತ್ತದೆ. ಆಮೇಲೆ ಡ್ರೈವ್ ಮೇಲಿನ ತಗಡು. ಅದನ್ನು ಎತ್ತಿದರೆ ಲೆನ್ಸ್ ಕಾಣುತ್ತದೆ, ನಮ್ಮದರ ಮೇಲೆ ಮಂಜು ಕವಿದಂಥ ಪೊರೆ ಇತ್ತು. ಹತ್ತಿಕಡ್ಡಿಯನ್ನು ಅದ್ದಿ, ಹೆಚ್ಚಿನದನ್ನು ಕೊಡವಿ, ನಡುವಿನಿಂದ ಹೊರಕ್ಕೆ ಸವರಿ. ಒತ್ತಬಾರದು, ಲೆನ್ಸ್ ಕೂದಲೆಳೆಯಂಥ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ. ಒಣಗಿದ ಮೇಲೆ ಡಿವಿಡಿಗಳೆಲ್ಲ ಓಡಿದವು. ತೆಳು ಮಾಡೆಲ್ ಇದ್ದವರು ಪುಣ್ಯವಂತರು, ಮೇಲಿನ ಮುಚ್ಚಳ ತೆರೆದರೆ ಸಾಕು.

ಸಿಡಿ ಮಾತ್ರ ಒಮ್ಮೆ ಓದುತ್ತಿತ್ತು, ಒಮ್ಮೆ ಇಲ್ಲ. ಅದಕ್ಕೇ ಲೇಸರ್ ಮೇಲಿನ ಪುಟ್ಟ ಟ್ರಿಮ್ಮರ್ (ಅದರ ಕರೆಂಟ್ ಹೊಂದಿಸುವ ತಿರುಪು) ತಿರುಗಿಸುವ ಮೂರನೆಯ ಉಪಾಯ. ಮೊದಲು ಮಲ್ಟಿಮೀಟರ್‌ನಲ್ಲಿ ಓಮ್ ಅಳೆದು ಬರೆದಿಟ್ಟುಕೊಂಡೆ, ಆಮೇಲೆ ಕೂದಲಷ್ಟೇ ತಿರುಗಿಸಿದೆ. ಸಿಡಿ ಬಂತು, ಖುಷಿಯೂ ಆಯಿತು. ಆದರೆ ಇದು ಲೇಸರ್‌ಗೆ ಹೆಚ್ಚು ಕರೆಂಟ್ ಹರಿಸಿ ದುಡಿಸುವುದು, ಅದರ ಆಯುಸ್ಸನ್ನೇ ತಿನ್ನುತ್ತದೆ. ಸ್ವಲ್ಪ ಕಾಲದಲ್ಲೇ ಸಿಡಿ ಮತ್ತೆ ಮುಷ್ಕರ ಹೂಡಿತು. ಹೊಸ ಲೇಸರ್ ಸಿಗುವವರೆಗೆ ತಳ್ಳಲು ಆದೀತು, ಅಷ್ಟೇ.

ಕೊನೆಗೆ ಹೊಸ ಲೇಸರ್ ಹಾಕಿದೆ. ಎಲ್ಲಕ್ಕಿಂತ ದುಬಾರಿ, ಆದರೆ ಎರಡೂ ಬಗೆಯ ಡಿಸ್ಕ್ ಈಗ ತಕರಾರಿಲ್ಲದೆ ಓದುತ್ತದೆ. ನನ್ನದಕ್ಕೆ ಕೂತದ್ದು ಕೆಎಚ್‌ಎಸ್-400ಸಿ ಎಂಬ ಲೇಸರ್. ತೆಳು ಮಾಡೆಲ್‌ಗೆ ಅದು ಆಗಲ್ಲ. ಹಾಗಾಗಿ ಕನ್ಸೋಲ್ ಮೇಲಿನ ಸ್ಟಿಕ್ಕರ್‌ನಲ್ಲಿ ಎಸ್‌ಸಿಪಿಎಚ್ ಅಂತ ಶುರುವಾಗುವ ಮಾಡೆಲ್ ನಂಬರ್ ನೋಡಿಕೊಂಡೇ ತರಿಸಿ. ಸ್ಥಿರ ವಿದ್ಯುತ್ ತಾಗದಿರಲೆಂದು ಹೊಸದರ ಮೇಲೆ ಒಂದು ಚುಕ್ಕೆ ಸೋಲ್ಡರ್ (ಬೆಸುಗೆ) ಹಾಕಿರುತ್ತಾರೆ. ಕೇಬಲ್ ಕೂರಿಸಿದ ಮೇಲೆ ಅದನ್ನು ಕಾಯಿಸಿ ತೆಗೆಯದಿದ್ದರೆ, ಹೊಸ ಲೇಸರ್ ಕೂಡ ಏನನ್ನೂ ಓದುವುದಿಲ್ಲ.