ಬೆಂಗಳೂರಿನ ಪಬ್ಬುಗಳು: ಬದಿಯಡ್ಕದವನ 12 ವರ್ಷದ ಲೆಕ್ಕ

ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ಕಾಸರಗೋಡಿನ ಹುಡುಗರು ಓದಲು ಕಲಿಯುವ ಮೊದಲ ಮಲಯಾಳ ಪದ 'ಕಳ್ಳ್'. ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ದಿನಾ ಕಾಣುವ ಕಳ್ಳಿನಂಗಡಿಯ ಕಪ್ಪು ಬೋರ್ಡು, ಅದರ ಮೇಲೆ ದಪ್ಪ ಬಿಳಿ ಅಕ್ಷರ. ಬೋರ್ಡು ಓದಲು ಬಂದರೂ ಒಳಗೆ ಹೋಗುವ ಧೈರ್ಯ ಬರಲು ಸುಮಾರು ವರ್ಷ ಬೇಕಾಯಿತು. ನನ್ನ ಕುಡಿತದ ಓನಾಮ ಅಲ್ಲೇ ಆದದ್ದು. ಹಾಗಾಗಿ ಈ ವಿಮರ್ಶೆಯಲ್ಲಿ ಆ ಬೆಂಚಿನ ವಾಸನೆ ಸ್ವಲ್ಪ ಬಂದರೆ ತಪ್ಪು ತಿಳಿಯಬೇಡಿ.

2011ರಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದೆ, 2023ರಲ್ಲಿ ಊರಿಗೆ ವಾಪಸ್ ಬಂದೆ. ಈಗ ಮನೆಯಿಂದಲೇ ಕೆಲಸ. ಎರಡು ಮೂರು ತಿಂಗಳಿಗೊಮ್ಮೆ ಆಫೀಸಿನವರು ಕರೆದರೆ ರೈಲು ಹತ್ತುತ್ತೇನೆ. ಊರಲ್ಲಿ ನಾವು ಮೂವರ ಗುಂಪು. ಒಬ್ಬ ಪೆರ್ಲದ ಭಾವ. ಸಂಬಂಧದಲ್ಲಿ ಭಾವ ಅಲ್ಲ, ಆದರೆ ಹವ್ಯಕರಿಗೆ ಊರಿಡೀ ಭಾವನೇ ಅಲ್ವಾ, ಹಾಗೆ. ಇನ್ನೊಬ್ಬ ಉಪ್ಪಳದವನು. ಮೂವರೂ ಒಂದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇದ್ದವರು. ಸಂಜೆ ಸೇರಿದರೆ ಮಾತು ಅಡಿಕೆ ರೇಟಿನಿಂದ ಶುರುವಾಗುತ್ತದೆ, ಅರ್ಧ ಗಂಟೆಯಲ್ಲಿ ಪಬ್ಬಿಗೆ ಬಂದು ನಿಲ್ಲುತ್ತದೆ. ಯಾವುದು ಒಳ್ಳೆಯದು, ಯಾವುದು ಬರೀ ಬಿಲ್ಡಪ್ಪು, ಇದರಲ್ಲಿ ಇವತ್ತಿನವರೆಗೆ ನಾವು ಒಂದಾಗಿಲ್ಲ.

ನನ್ನ ವಾದ ಇಷ್ಟೇ. ಪಬ್ಬನ್ನು ಶನಿವಾರ ರಾತ್ರಿ ಅಳೆಯಬೇಡಿ, ಮಂಗಳವಾರ ಸಂಜೆ 6 ಗಂಟೆಗೆ ಹೋಗಿ ನೋಡಿ. ಶನಿವಾರ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಲೈಟು, ಜನ, ಸದ್ದು, ನಿಮ್ಮದೇ ಖುಷಿ. ಮಂಗಳವಾರ ಅದೊಂದೂ ಇರುವುದಿಲ್ಲ. ಮೇಜಿನ ಮೇಲೆ ಬಿಯರ್ ಇರುತ್ತದೆ, ಎದುರಿಗೆ ಸ್ನೇಹಿತ ಇರುತ್ತಾನೆ, ಕೊನೆಗೆ ಬಿಲ್ ಬರುತ್ತದೆ.

ಹೋದ ಕೂಡಲೇ ಇರುವುದರಲ್ಲಿ ಅತಿ ತಿಳಿಯಾದ ಬಿಯರನ್ನೇ ತರಿಸಿ. ಬ್ಲಾಂಡ್ ಅಥವಾ ಲಾಗರ್ ಆದರೆ ಸಾಕು. ಕಹಿ, ಕಪ್ಪು, ಹಣ್ಣು ಹಾಕಿದ್ದು ಆಮೇಲೆ. ಮೀನು ಹಳತಾದರೆ ಹೋಟೆಲಿನವರು ಮಸಾಲೆ ಜಾಸ್ತಿ ಹಾಕುತ್ತಾರಲ್ಲ, ಬಿಯರಿಗೂ ಅದೇ ನ್ಯಾಯ. ತಿಳಿ ಬಿಯರಿನಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ನಳ್ಳಿಯ ಪೈಪು ತೊಳೆಯದಿದ್ದರೆ ಹುಳಿ ಅಥವಾ ಬೆಣ್ಣೆಯ ವಾಸನೆ ತಕ್ಷಣ ಮೂಗಿಗೆ ಬಡಿಯುತ್ತದೆ. ಜೊತೆಗೆ ಗ್ಲಾಸು ನೋಡಿ. ಒಳಗಡೆ ಗುಳ್ಳೆಗಳು ಗೋಡೆಗೆ ಅಂಟಿಕೊಂಡು ಕೂತಿದ್ದರೆ ಗ್ಲಾಸು ಸರಿಯಾಗಿ ತೊಳೆದಿಲ್ಲ ಅಂತ ಅರ್ಥ. ಚೊಕ್ಕ ಗ್ಲಾಸಿನಲ್ಲಿ ಪ್ರತಿ ಗುಟುಕಿಗೂ ನೊರೆಯ ಒಂದೊಂದು ಬಳೆ ಉಳಿಯುತ್ತದೆ. ಖಾಲಿಯಾದ ಮೇಲೆ ಎಷ್ಟು ಗುಟುಕಿನಲ್ಲಿ ಮುಗಿಸಿದೆ ಅಂತ ಎಣಿಸಬಹುದು. ನಾನು ಎಣಿಸುತ್ತಿದ್ದುದನ್ನು ನೋಡಿ ಉಪ್ಪಳದವನು ನಗುತ್ತಿದ್ದ, ಈಗ ಅವನೂ ಎಣಿಸುತ್ತಾನೆ.

ಮೊದಲು ಹಳೆಯದು. ಬ್ರಿಗೇಡ್ ರಸ್ತೆಯ ಪಕ್ಕ, ರೆಸ್ಟ್ ಹೌಸ್ ರಸ್ತೆಯ ಪೆಕೋಸ್. 1989ರಿಂದ ಇದೆ. ಬೆಂಗಳೂರಿಗೆ ಹೋದ ಮೊದಲ ತಿಂಗಳಲ್ಲೇ ನನ್ನನ್ನು ಕರೆದುಕೊಂಡು ಹೋದರು. ಕಡಿದಾದ ಮೆಟ್ಟಿಲು, ಮರದ ಬೆಂಚು, ಜಗ್ಗಿನಲ್ಲಿ ಬಿಯರ್, ಗೋಡೆ ತುಂಬ ಹಳೇ ರಾಕ್ ಹಾಡುಗಾರರ ಪೋಸ್ಟರು. ಆ ಹಾಡುಗಳಲ್ಲಿ ನನಗೆ ಒಂದೂ ಗೊತ್ತಿರಲಿಲ್ಲ. ಆದರೆ ಬೆಂಚು ಗೊತ್ತಿತ್ತು! ಕೈಯೂರಿದರೆ ಅಂಟುವ ಆ ಮೇಜು, ಪರಿಚಯ ಇಲ್ಲದವನು ಬಂದು 'ಸ್ವಲ್ಪ ಸರೀರಿ' ಅಂತ ಪಕ್ಕದಲ್ಲಿ ಕೂರುವುದು, ಎಲ್ಲ ನಮ್ಮ ಕಳ್ಳಿನಂಗಡಿಯದ್ದೇ. ಬಿಯರ್ ವಿಶೇಷ ಏನಲ್ಲ, ಎಲ್ಲ ಕಡೆ ಸಿಗುವ ಕಂಪೆನಿ ಮಾಲು. ಹಾಗಾದರೆ ಅದು ಒಳ್ಳೆಯ ಪಬ್ಬಾ ಅಂತ ಭಾವ ಪಾಯಿಂಟ್ ಹಾಕುತ್ತಾನೆ. ಒಳ್ಳೆಯ ಜಾಗ, ಸಾಧಾರಣ ಬಿಯರ್, ನನ್ನ ಮಟ್ಟಿಗೆ ಅದು ಪಾಸು. ಆಗ ನಾಲ್ಕು ಜನ ಸೇರಿ 1,000 ರೂಪಾಯಿಯಲ್ಲಿ ಸಂಜೆ ಮುಗಿಸುತ್ತಿದ್ದೆವು ಅನ್ನುವುದು ಈ ಮಾರ್ಕಿನಲ್ಲಿ ಎಷ್ಟು ಸೇರಿದೆಯೋ, ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ.

ನಾನು ಹೋದ ವರ್ಷವೇ ಬೆಂಗಳೂರಿನಲ್ಲಿ ಎರಡು ಸಂಗತಿ ಆದವು. ಒಂದು, ವಿಠಲ್ ಮಲ್ಯ ರಸ್ತೆಯಲ್ಲಿ ಬಿಯರ್ ಕ್ಲಬ್ ಶುರುವಾಗಿ, ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಕೊಡುವ ಪಬ್ಬುಗಳ ಕಾಲ ಬಂತು. ಇನ್ನೊಂದು, ಅಕ್ಟೋಬರದಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೆಟ್ರೋ ಓಡಿತು. ಪಬ್ಬಿನ ವಿಮರ್ಶೆ ಬರೆಯುವವರು ಈ ಎರಡನೆಯದ್ದನ್ನು ಹೇಳುವುದೇ ಇಲ್ಲ. ಇಂದಿರಾನಗರದಲ್ಲಿ ಕುಡಿದು ಆಟೋದವನ ಹತ್ತಿರ ಚೌಕಾಶಿ ಮಾಡದೆ ರೂಮಿಗೆ ಬಂದು ಮಲಗಬಹುದು ಎಂಬುದೇ ಅರ್ಧ ಸ್ಟಾರ್ ಕೊಡುವಂಥ ವಿಷಯ.

ಇಂದಿರಾನಗರ ಅಂದ ಕೂಡಲೇ ಟಾಯ್ಟ್ ಬರಲೇಬೇಕು. 100 ಅಡಿ ರಸ್ತೆಯಲ್ಲಿದೆ. ಹೆಸರು ಬೇರೇನೂ ಅಲ್ಲ, ನಾವು 'ಟೈಟ್ ಆಗಿದ್ದಾನೆ' ಅನ್ನುತ್ತೇವಲ್ಲ, ಅದೇ ಟೈಟು. ಇದರ ಮೇಲೆ ನಮ್ಮಲ್ಲಿ ಜಗಳ ಜಾಸ್ತಿ. ಅಷ್ಟು ಹೆಸರು ಇದಕ್ಕೆ ಬೇಕಾ ಅಂತ ಭಾವನ ಪ್ರಶ್ನೆ. ಬೇಕು ಅಂತ ನನ್ನ ಉತ್ತರ, ಕಾರಣ ಬಾಸ್ಮತಿ ಬ್ಲಾಂಡ್. ಅಕ್ಕಿ ಹಾಕಿ ಮಾಡುವ ತಿಳಿ ಬಿಯರ್ ಅದು. ಮೂರು ಹೊತ್ತು ಅನ್ನ, ಗಂಜಿ, ನೀರುದೋಸೆ ತಿಂದು ಬೆಳೆದವನಿಗೆ ಅದರ ಹಗುರ ಒಂದೇ ಸಲಕ್ಕೆ ಅರ್ಥವಾಗುತ್ತದೆ. ನಾನು ಹೇಳಿದ ಮಂಗಳವಾರದ ಪರೀಕ್ಷೆಯಲ್ಲಿ ವರ್ಷಗಟ್ಟಲೆ ಅದು ಒಂದೇ ರುಚಿ ಕೊಟ್ಟಿದೆ. ಗೋಧಿ ಬಿಯರೂ ಚೆನ್ನಾಗಿದೆ. ಮೂಗಿನ ಹತ್ತಿರ ತಂದರೆ ಕಳಿತ ಬಾಳೆಹಣ್ಣು, ಸ್ವಲ್ಪ ಲವಂಗ. ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ, ಎಲ್ಲ ಹುದುಗು ಬರಿಸುವ ಯೀಸ್ಟಿನ ಆಟ. ಶನಿವಾರ ಹೊರಗೆ ಹೆಸರು ಬರೆಸಿ ಕಾಯುವುದು ಮಾತ್ರ ನನ್ನಿಂದಾಗದ ಕೆಲಸ. ಕೇರಳ ಸರಕಾರದ ಮದ್ಯದಂಗಡಿ ಬೆವ್ಕೊ ಕ್ಯೂನಲ್ಲಿ ನಿಲ್ಲಲು ಊರೇ ಸಾಕು.

ಆರ್ಬರ್ 2012ರದ್ದು, ಮೆಗ್ರಾತ್ ರಸ್ತೆಯದ್ದು. ಅಮೆರಿಕದ ಮಿಶಿಗನ್‌ನ ಬ್ರೂವರಿಯ ಹೆಸರು ಹೊತ್ತು ಬಂದದ್ದು. ಅಲ್ಲಿಯ ರೇಜಿಂಗ್ ಎಲಿಫೆಂಟ್, ಅಂದರೆ ರೊಚ್ಚಿಗೆದ್ದ ಆನೆ, ಐಪಿಎ ಎಂಬ ಕಹಿ ಜಾತಿಯ ಬಿಯರ್. ಒಳ್ಳೇ ಕಹಿ. ಭಾವ ಒಂದು ಗುಟುಕು ಎಳೆದು ಕಣ್ಣು ಮುಚ್ಚಿದ. "ಇದು ಬಿಯರ್ ಅಲ್ಲ ಭಾವ, ಅಜ್ಜಿಯ ಕಷಾಯ. ಒಂದು ಚೂರು ಬೆಲ್ಲ ಸಿಗುತ್ತದಾ ಕೇಳು" ಅಂದ. ಕಾರಡ್ಕ, ಮುಳಿಯಾರು ಕಡೆ ಆನೆ ತೋಟಕ್ಕೆ ನುಗ್ಗಿ ಬಾಳೆ ಅಡಿಕೆ ಎಲ್ಲ ಮುರಿದು ಹಾಕುತ್ತದೆ, ಇಲ್ಲಿ ನಾಲಿಗೆಗೆ ನುಗ್ಗಿದೆ ಅಂತ ಉಪ್ಪಳದವನು ಸೇರಿಸಿದ. ನನಗೆ ಇಷ್ಟ. ಹಾಗಲಕಾಯಿ ಇಷ್ಟಪಡುವವರಿಗೆ ಹೇಳುತ್ತೇನೆ, ಉಳಿದವರು ದೂರ ಇರಿ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಲ್ಲಿ ಜಾಝ್ ಇದೆ, ಗೋಡೆ ತುಂಬ ಪುಸ್ತಕ ಇದೆ, ಜಾಗ ಬಹಳ ಚಂದ. ಆದರೆ ಅಲ್ಲಿಗೆ ಹೋಗಿ ಬರುವ ಹೊತ್ತಿಗೆ ಊರಿಗೆ ಹೋಗುವ ಕಣ್ಣೂರು ಎಕ್ಸ್‌ಪ್ರೆಸ್ ಹಾಸನ ದಾಟಿರುತ್ತದೆ.

ಇನ್ನು ಬಿಲ್ಡಪ್ಪಿನ ವಿಷಯ. ಹೆಸರು ಹೇಳುವುದಿಲ್ಲ, ಯಾಕೆಂದರೆ ಇದು ಒಂದು ಪಬ್ಬಿನ ಕತೆ ಅಲ್ಲ, ಒಂದು ಜಾತಿಯ ಪಬ್ಬಿನ ಕತೆ. ಮೇಲ್ಮಹಡಿ, ಪ್ಲಾಸ್ಟಿಕ್ ಹೂವಿನ ಕಮಾನು, ನಿಂತು ಫೋಟೋ ತೆಗೆಯಲು ಗೋಡೆಯಲ್ಲಿ ಎರಡು ರೆಕ್ಕೆ. ಉಪ್ಪಳದವನು "ಬಾ ಮಾರಾಯ, ಇಂಥದ್ದು ನೀನು ಕಂಡೇ ಇಲ್ಲ" ಅಂತ ಎಳೆದುಕೊಂಡು ಹೋದದ್ದು. ಮೂವರು ನಾವು, ಅವನ ಆಫೀಸಿನ ಇಬ್ಬರು. 7 ಗಂಟೆಯವರೆಗೆ ಒಂದಕ್ಕೆ ಒಂದು ಫ್ರೀ. ನಾವು ಎರಡನೇ ರೌಂಡು ಹೇಳಿದ್ದು 6.50ಕ್ಕೆ. ಮೇಜಿಗೆ ಬಂದದ್ದು 7.10ಕ್ಕೆ. ಬಿಲ್ಲಿನಲ್ಲಿ ಪೂರ್ತಿ ರೇಟು. ಕೇಳಿದರೆ, "ಸರ್, ಸಿಸ್ಟಮ್‌ನಲ್ಲಿ ಪಂಚ್ ಆಗಿದ್ದು 7.04ಕ್ಕೆ" ಅಂದ ಹುಡುಗ. ಪಾಪ, ಅವನ ಮುಖ ನೋಡಿದರೆ ಆ ಮಾತನ್ನು ದಿನಕ್ಕೆ 20 ಸಲ ಹೇಳುವವನ ಹಾಗಿತ್ತು. ಪೈಂಟ್ (ಸುಮಾರು ಅರ್ಧ ಲೀಟರ್) ಅಂತ ಬರೆದದ್ದು ಬರೀ 330 ಮಿಲಿ. ಸಂಗೀತ ಎಷ್ಟು ಜೋರು ಅಂದರೆ ಭಾವ ಪಕ್ಕದಲ್ಲೇ ಕೂತು ನನಗೆ ವಾಟ್ಸಾಪ್ ಮಾಡಿದ: "ಭಾವ, ಹೋಪನಾ?"

ಕೊನೆಗೆ 10 ಪರ್ಸೆಂಟ್ ಸರ್ವಿಸ್ ಚಾರ್ಜು. ಗ್ರಾಹಕರ ಬಿಲ್ಲಿಗೆ ಅದನ್ನು ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು. ಹೋಟೆಲಿನವರು ಕೋರ್ಟಿಗೆ ಹೋದರು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಪ್ರಾಧಿಕಾರದ ಪರವಾಗಿ ತೀರ್ಪು ಕೊಟ್ಟಿತು. ಈಗ ಬಿಲ್ಲಿನಲ್ಲಿ ಕಂಡರೆ ತೆಗೆಯಲು ಹೇಳಿ, ನಾಚಿಕೆ ಬೇಡ. ನಾವು ಅವತ್ತು ನಾಚಿಕೊಂಡು ಕೊಟ್ಟು ಬಂದೆವು. ಒಟ್ಟು 7,400 ರೂಪಾಯಿ. ಉಪ್ಪಳದವನ ಫೋನಿನಲ್ಲಿ ಚಾರ್ಜು ಇರಲಿಲ್ಲವಂತೆ.

ಸದ್ದು ಇಲ್ಲದ ಪಬ್ಬು ಸಾವಿನ ಮನೆಯ ಹಾಗೆ, ನಿಮಗೆ ವಯಸ್ಸಾಯಿತು ಅನ್ನುವುದು ಅವನ ವಾದ. ಅದರಲ್ಲೂ ಒಂದು ನ್ಯಾಯ ಇದೆ ಅಂತ ಇಟ್ಟುಕೊಳ್ಳಿ. ಕುಣಿಯಲು ಹೋಗುವವರು ಬಿಯರ್ ಬಳೆ ಎಣಿಸುವುದಿಲ್ಲ. ಆದರೆ ಅದಕ್ಕೆ ಪಬ್ಬು ಅಂತ ಯಾಕೆ ಹೇಳಬೇಕು?

ಪಬ್ಬು ಮುಚ್ಚುವುದರಲ್ಲಿ ಮಾತ್ರ ಕಾಸರಗೋಡಿನವರಿಗೆ ಅನುಭವ ಜಾಸ್ತಿ. 2014ರಲ್ಲಿ ಕೇರಳ ಸರಕಾರ ಫೈವ್ ಸ್ಟಾರ್ ಅಲ್ಲದ ಬಾರುಗಳನ್ನು ಮುಚ್ಚುವ ನೀತಿ ತಂದಾಗ ಎಷ್ಟೋ ಬಾರುಗಳು ಬಿಯರ್ ವೈನ್ ಪಾರ್ಲರ್ ಆದವು. ಅದೇ ಮೇಜು, ಅದೇ ಕತ್ತಲೆ, ಬ್ರಾಂದಿ ಮಾತ್ರ ಇಲ್ಲ. 2017ರಲ್ಲಿ ಹೊಸ ಸರಕಾರ ತ್ರೀ ಸ್ಟಾರಿನಿಂದ ಮೇಲಿನವಕ್ಕೆ ಮತ್ತೆ ಬಿಟ್ಟಿತು. ಊರಲ್ಲಿ ತೆರೆಯಿತಲ್ಲ ಅನ್ನುವಾಗ ಅದೇ ವರ್ಷದ ಜುಲೈಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯ ಸುತ್ತ ಬಾಗಿಲು ಬಿತ್ತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂಬ ಸುಪ್ರೀಂ ಕೋರ್ಟಿನ ಆದೇಶ. "ಕೇರಳ ನಮ್ಮನ್ನು ಹುಡುಕಿಕೊಂಡು ಬಂತು ಮಾರಾಯ" ಅಂದ ಉಪ್ಪಳದವನು. ಕೆಲವು ತಿಂಗಳಲ್ಲಿ ಸರಿಹೋಯಿತು, ಅದು ಬೇರೆ. 2020ರಲ್ಲಂತೂ ನಾನು ಊರಿಗೆ ಬಂದು ಸಿಕ್ಕಿಬಿದ್ದೆ. ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದರು, ಆಸ್ಪತ್ರೆಗೆಂದು ಮಂಗಳೂರಿಗೆ ಹೋಗುವವರಿಗೇ ದಾರಿ ಇರಲಿಲ್ಲ. ಬೆಂಗಳೂರಿನ ಬ್ರೂವರಿಗಳು ಬಿಯರನ್ನು ಪಾರ್ಸೆಲ್ ಕೊಡುತ್ತಿವೆ ಅಂತ ಗೆಳೆಯರು ಫೋಟೋ ಕಳಿಸುವಾಗ ಆ ಬಿಯರಿನ ಮೇಲೆ ಆಸೆಯೇ ಹುಟ್ಟಲಿಲ್ಲ.

ಕಳ್ಳಿನಂಗಡಿಯನ್ನು ಇದರ ಎದುರು ಇಟ್ಟು ನೋಡಿದರೆ ಅನ್ಯಾಯವಾ? ಆಗಲಿ. ನಮ್ಮ ಮನೆಯ ಪಕ್ಕ ಕಳ್ಳು ಇಳಿಸುವ ಮೂರ್ತೆ ಕೆಲಸದವರಿದ್ದರು. ಬೆಳಿಗ್ಗೆ ತೆಂಗಿನಿಂದ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ಹದ, ಸಂಜೆಗೆ ಹುಳಿ. ಯೀಸ್ಟು ಗಾಳಿಯಿಂದಲೇ ಬರುತ್ತದೆ, ಯಾರೂ ಪೊಟ್ಟಣದಿಂದ ಹಾಕುವುದಿಲ್ಲ. ದಿನಾ ಹೊಸ ಮಾಲು. ಜೊತೆಗೆ ಮರಗೆಣಸು, ಬೂತಾಯಿ ಸಾರು. ಭಾವನಿಗೆ ಅಲ್ಲಿ ಮರಗೆಣಸು ಬಿಟ್ಟರೆ ತಿನ್ನಲು ಏನೂ ಇಲ್ಲ, ಹಾಗಾಗಿ ಅವನ ಮಾರ್ಕು ಯಾವಾಗಲೂ ಪಬ್ಬಿಗೆ. ಪನೀರ್ ಟಿಕ್ಕಾ ಸಿಗುತ್ತದಲ್ಲ. ಇನ್ನೊಂದು, ಅಕ್ಕತಂಗಿಯರನ್ನು ಕರೆದುಕೊಂಡು ಕಳ್ಳಿನಂಗಡಿಗೆ ಹೋಗುವ ಹಾಗಿಲ್ಲ. ಬೆಂಗಳೂರಿನ ಒಳ್ಳೆಯ ಪಬ್ಬಿನಲ್ಲಿ ನನ್ನ ತಂಗಿ ಅವಳ ಗೆಳತಿಯರ ಜೊತೆ ಕೂತು ನಗುವಾಗ ಯಾರೂ ತಿರುಗಿ ನೋಡುವುದಿಲ್ಲ. ಮಂಗಳೂರಿನಲ್ಲಿ 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದದ್ದು ನಮ್ಮ ಮನೆಗಳಲ್ಲಿ ಇನ್ನೂ ಮರೆತಿಲ್ಲ. ಅಮ್ಮ ಆ ಪದ ಕೇಳಿದರೆ ಈಗಲೂ ಟಿವಿ ಕಡೆ ನೋಡುತ್ತಾಳೆ.

ಊರಿಂದ ಹೊಸದಾಗಿ ಹೋಗುವವರಿಗೆ ಎರಡು ಮಾತು. ಬೆಂಗಳೂರಿನ ಪಬ್ಬಿನ ಬಾಗಿಲಲ್ಲಿ 21 ಆಗಿದೆಯಾ ಅಂತ ಕೇಳುತ್ತಾರೆ, ಕೇರಳದಲ್ಲಿ 23. ಹಾಗಾಗಿ 22ರ ಹುಡುಗರು ವಾಪಸ್ ಬರುವಾಗ ವೀರಾವೇಶವನ್ನು ಗಡಿಯ ತಲಪಾಡಿಯಲ್ಲೇ ಬಿಟ್ಟು ಬನ್ನಿ. ವಾಪಸ್ ಬರುವ ದಿನ ರೈಲು ರಾತ್ರಿ 9.30ರ ಆಸುಪಾಸು, ಮೂರನೇ ಗ್ಲಾಸು ಬೇಡ. ಶಿರಾಡಿ ಘಾಟಿಯಲ್ಲಿ ಅಪ್ಪರ್ ಬರ್ತ್‌ನಿಂದ ಐದು ಸಲ ಇಳಿದವನು ಹೇಳುತ್ತಿದ್ದೇನೆ. ಮರುದಿನ 1ನೇ ತಾರೀಕಾದರೆ ಕಾಸರಗೋಡಿನಲ್ಲಿ ಡ್ರೈ ಡೇ, ಅದೂ ನೆನಪಿರಲಿ.

ಹೋದ ಸಲ ಟಾಯ್ಟ್‌ಗೆ ಮಂಗಳವಾರವೇ ಹೋದೆ, ಒಬ್ಬನೇ. ಬಾಸ್ಮತಿ ಬ್ಲಾಂಡ್, ಒಂಬತ್ತು ಬಳೆ. ಫೋಟೋ ತೆಗೆದು ಇಬ್ಬರಿಗೂ ಕಳಿಸಿದೆ. ಭಾವ ಒಂದು ಹೆಬ್ಬೆರಳು ಹಾಕಿದ. ಉಪ್ಪಳದವನು ಆ ರೆಕ್ಕೆಯ ಪಬ್ಬೇ ಈಗಲೂ ಬೆಸ್ಟ್ ಅಂತ ಬರೆದ. ಅವತ್ತಿನ ಬಿಲ್ಲಿನಲ್ಲಿ ಅವನ ಪಾಲಿನ 1,480 ರೂಪಾಯಿ ಇನ್ನೂ ನನಗೆ ಬರಬೇಕು.