ಅಸ್ತ್ರ ಒಲೆ: ಹನ್ನೊಂದು ವರ್ಷ ಉರಿಸಿದ ಮೇಲೆ

ಕುಣಿಗಲ್ ಸೀಮೆಯ ನಮ್ಮ ಮನೆಯಲ್ಲಿ ಗ್ಯಾಸ್ ಬಂದು ಬಹಳ ಕಾಲವಾದರೂ ಮುದ್ದೆಗೆ ಎಸರಿಡುವುದು, ಹುರುಳಿಕಾಳು ಬೇಯಿಸುವುದು, ಸ್ನಾನಕ್ಕೆ ನೀರು ಕಾಯಿಸುವುದು ಇಂದಿಗೂ ಸೌದೆ ಒಲೆಯ ಮೇಲೆಯೇ. ತೋಟದಲ್ಲಿ ತೆಂಗಿನ ಮಟ್ಟೆ, ಕರಟ ಬೇಕಾದಷ್ಟು ಬಿದ್ದಿರುವಾಗ ಸಿಲಿಂಡರನ್ನು ಅಷ್ಟು ಧಾರಾಳವಾಗಿ ಬಳಸಲು ಅಮ್ಮನಿಗೆ ಮನಸ್ಸು ಬರುವುದಿಲ್ಲ. ಹನ್ನೊಂದು ವರ್ಷಗಳ ಹಿಂದೆ ಹಳೆಯ ಒಲೆಯನ್ನು ಕಿತ್ತು, ಅದೇ ಜಾಗದಲ್ಲಿ ಕಡಿಮೆ ಸೌದೆ ಉರಿಸಿ ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಬಿಡುವ, ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ಕಟ್ಟಿಸಿದೆವು. ವಿಜ್ಞಾನದ ಮುಖ್ಯ ಗುರಿ ಜನರ ಬದುಕನ್ನು ಹಸನುಗೊಳಿಸುವುದೇ ಆಗಿರಬೇಕೆ ಎಂಬ ಚರ್ಚೆ ಎಲ್ಲಿ ನಡೆದರೂ ನನಗೆ ಮೊದಲು ನೆನಪಾಗುವುದು ಈ ಒಲೆ. ಆದ್ದರಿಂದ ಇದರ ಗುಣದೋಷಗಳನ್ನು ಬರೆಯುವಾಗ ಆ ಪ್ರಶ್ನೆಯನ್ನು ಬಿಟ್ಟು ಬರೆಯಲಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ, ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಅನ್ವಯಿಸುವ ಕೇಂದ್ರದ ಹೆಸರೇ ಈ ಒಲೆಗೂ ಬಂದಿದೆ. ಆ ಕೇಂದ್ರದ ಹಿಂದಿದ್ದ ಅಮೂಲ್ಯ ರೆಡ್ಡಿಯವರು ವಿದ್ಯುತ್ ರಸಾಯನ ವಿಜ್ಞಾನಿಗಳು. ಆ ವಿಷಯದ ವಿದ್ಯಾರ್ಥಿಗಳು ಜಗತ್ತಿನಾದ್ಯಂತ ಓದುವ ಪಠ್ಯಗ್ರಂಥದ ಸಹಲೇಖಕರು. ಅಂಥವರು ತಮ್ಮ ಸಹೋದ್ಯೋಗಿಗಳೊಡನೆ ತುಮಕೂರು ಜಿಲ್ಲೆಯ ಉಂಗ್ರದ ಸುತ್ತಲಿನ ಆರು ಹಳ್ಳಿಗಳನ್ನು ಆಯ್ದುಕೊಂಡು, ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ಎಷ್ಟು ದೂರದಿಂದ ಹೊತ್ತು ತರುತ್ತಾರೆ ಎಂಬುದನ್ನೆಲ್ಲ ಲೆಕ್ಕ ಹಾಕಿಸಿದರು. ನಮ್ಮ ಕಡೆಯ ಹೆಂಗಸರ ತಲೆಹೊರೆಯೂ ವಿಜ್ಞಾನದ ಅಳತೆಗೆ ಯೋಗ್ಯವಾದ ವಿಷಯವೆಂದು ಅವರು ತಿಳಿದದ್ದನ್ನು ನಾನು ಬಹಳ ದೊಡ್ಡ ಮಾತೆಂದು ಭಾವಿಸುತ್ತೇನೆ.

ಒಲೆಯ ವಿಚಾರಕ್ಕೆ ಬರೋಣ. ಸೌದೆ ಕಾದಾಗ ಅದರಿಂದ ಉರಿಯುವ ಆವಿಗಳು ಹೊರಡುತ್ತವೆ. ಸೌದೆಯ ಶಾಖದಲ್ಲಿ ಹೆಚ್ಚಿನ ಪಾಲು ಇರುವುದು ಆ ಆವಿಗಳಲ್ಲಿ. ಗಾಳಿ ಸಾಲದಿದ್ದರೆ ಅವು ಉರಿಯದೆ ಹೊಗೆಯಾಗುತ್ತವೆ, ಗಾಳಿ ಅತಿಯಾದರೆ ಉರಿಯೇ ತಣ್ಣಗಾಗುತ್ತದೆ. ಹಳೆಯ ಒಲೆಯ ಅಗಲವಾದ ಬಾಯಿಂದ ಬೇಡದ ಗಾಳಿ ನುಗ್ಗುತ್ತಿತ್ತು, ಜ್ವಾಲೆ ಪಾತ್ರೆಯ ಪಕ್ಕಕ್ಕೆ ಸರಿದು ಗೋಡೆಯನ್ನು ಕಾಯಿಸುತ್ತಿತ್ತು. ಅಸ್ತ್ರ ಒಲೆಯಲ್ಲಿ ಸೌದೆ ಹಾಕುವ ಬಾಯಿಗೆ ಮುಚ್ಚಳವಿದೆ, ಕೆಂಡದ ಕೆಳಗೆ ಕಬ್ಬಿಣದ ಜಾಲರಿಯಿದೆ, ಗಾಳಿಗೆ ಅಳತೆಯ ಕಂಡಿಗಳಿವೆ. ಬಿಸಿಗಾಳಿಯು ಮೊದಲ ಪಾತ್ರೆಯ ತಳವನ್ನು ಸವರಿ, ಎರಡನೆಯದಕ್ಕೂ ಮೂರನೆಯದಕ್ಕೂ ಶಾಖ ಕೊಟ್ಟು, ಕೊನೆಗೆ ಕೊಳವೆಯ ಮೂಲಕ ಮಾಡಿನಿಂದ ಹೊರಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಇದರ ಕ್ಷಮತೆ, ಅಂದರೆ ಸೌದೆಯ ಶಾಖದಲ್ಲಿ ಪಾತ್ರೆಗಳಿಗೆ ಸೇರುವ ಪಾಲು, ಶೇ 40ನ್ನು ದಾಟಿತ್ತು. ಹಳೆಯ ಒಲೆಗಳದ್ದು ಅದರಲ್ಲಿ ಸಣ್ಣದೊಂದು ಪಾಲು ಮಾತ್ರ.

ನಮ್ಮ ಮನೆಯಲ್ಲಿ ಯಾರೂ ಸೌದೆಯನ್ನು ತೂಕ ಮಾಡಿಲ್ಲ. ಆದರೆ ಹಿತ್ತಿಲಲ್ಲಿ ಮಳೆಗಾಲಕ್ಕೆಂದು ಒಟ್ಟುವ ಮಟ್ಟೆಯ ರಾಶಿ ಮೊದಲು ಗೌರಿಹಬ್ಬದ ಹೊತ್ತಿಗೆ ಕರಗಿಹೋಗುತ್ತಿತ್ತು, ಈಗ ದೀಪಾವಳಿ ದಾಟುತ್ತದೆ. ಊದುಗೊಳವೆ ಮೂಲೆ ಸೇರಿದೆ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಸಾರಿಗೆ ಒಗ್ಗರಣೆ ಹಾಕುವುದನ್ನು ನೋಡಿಯೇ ಬೆಳೆದ ನನಗೆ, ಸುಣ್ಣ ಹೊಡೆದ ಅಡುಗೆಮನೆಯ ಗೋಡೆ ವರ್ಷ ಕಳೆದರೂ ಬೆಳ್ಳಗಿರುವುದು ಇಂದಿಗೂ ಹೊಸದೆನಿಸುತ್ತದೆ. ಇನ್ನೊಂದು ಅನುಕೂಲವನ್ನು ಮುದ್ದೆ ಮಾಡುವವರು ಮಾತ್ರ ಬಲ್ಲರು: ಪಾತ್ರೆಯು ಒಲೆಯ ಕುಳಿಯೊಳಗೆ ಇಳಿದು ಕೂರುವುದರಿಂದ, ಕೋಲು ಹಾಕಿ ಎಷ್ಟು ಬಲವಾಗಿ ತೊಳಸಿದರೂ ಅದು ಅಲುಗಾಡುವುದಿಲ್ಲ.

ದೋಷಗಳನ್ನೂ ಹೇಳಬೇಕು. ಮುಚ್ಚಳ ಹಾಕಬೇಕಾದರೆ ಸೌದೆಯನ್ನು ಗೇಣುದ್ದದ ತುಂಡುಗಳಾಗಿ ಸೀಳಬೇಕು. ಹಳೆಯ ಒಲೆಯಲ್ಲಿ ಉದ್ದನೆಯ ಮಟ್ಟೆಯನ್ನು ಹಾಗೆಯೇ ಒಡ್ಡಿ, ಉರಿದಂತೆಲ್ಲ ಮುಂದಕ್ಕೆ ತಳ್ಳಿದರೆ ಸಾಕಿತ್ತು. ಈ ಸೀಳುವ ಕೆಲಸವೂ ಬಹುಮಟ್ಟಿಗೆ ಹೆಂಗಸರ ಪಾಲಿಗೇ ಬೀಳುತ್ತದೆ. ಕುಳಿಯ ಅಳತೆಗಿಂತ ಚಿಕ್ಕ ಪಾತ್ರೆಯಿಟ್ಟರೆ ಸಂದಿನಿಂದ ಹೊಗೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಕಟ್ಟುವವರದು. ನಮ್ಮ ಮೊದಲ ಒಲೆಯನ್ನು ಕಟ್ಟಿದವರು ಹೊಗೆಯ ದಾರಿಯನ್ನು ಕಣ್ಣಂದಾಜಿನಲ್ಲಿ ಮಾಡಿದ್ದರು, ಅದನ್ನು ಶುಚಿ ಮಾಡಲು ಜಾಗವನ್ನೇ ಬಿಟ್ಟಿರಲಿಲ್ಲ. ಆರು ತಿಂಗಳಿಗೆ ಮಸಿ ಕಟ್ಟಿಕೊಂಡು ಹೊಗೆಯೆಲ್ಲ ಒಳಕ್ಕೇ ತಿರುಗಿತು. ಕರೆದರೆ ಬರುವವರು ಯಾರೂ ಇರಲಿಲ್ಲ. ಕೊನೆಗೆ ಒಡೆದು, ತರಬೇತಿ ಪಡೆದಿದ್ದ ಬೇರೊಬ್ಬರಿಂದ ಮತ್ತೆ ಕಟ್ಟಿಸಬೇಕಾಯಿತು.

ವಿಜ್ಞಾನವೆಲ್ಲವೂ ಜನೋಪಯೋಗವನ್ನೇ ಮುಖ್ಯ ಗುರಿಯಾಗಿಟ್ಟುಕೊಳ್ಳಬೇಕು ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಉರಿ ಎಂದರೇನು, ಶಾಖ ಹೇಗೆ ಹರಿಯುತ್ತದೆ ಎಂಬುದನ್ನು ಹಿಂದಿನವರು ಅಡುಗೆಮನೆಯ ಚಿಂತೆಯೇ ಇಲ್ಲದೆ ಹುಡುಕಿಟ್ಟಿದ್ದರಿಂದಲೇ ಈ ಒಲೆಯ ಲೆಕ್ಕ ಸಾಧ್ಯವಾಯಿತು. ಆದರೆ ಬದುಕನ್ನು ಸುಧಾರಿಸುತ್ತೇನೆಂದು ಹೊರಟ ವಿಜ್ಞಾನಕ್ಕೆ ಒಲೆ ಕಟ್ಟಿದ ಆರು ತಿಂಗಳ ಮೇಲೆ ಏನಾಗುತ್ತದೆಂಬುದೂ ಸಂಶೋಧನೆಯ ಭಾಗವೇ ಆಗಬೇಕು. ಮಸಿ ತೆಗೆಯುವ ಕೆಲಸವನ್ನು ಕ್ಷಮತೆಯ ಲೆಕ್ಕಕ್ಕಿಂತ ಕೀಳೆಂದು ಕಂಡರೆ, ಶೇ 40 ಎಂಬ ಅಂಕಿ ಕಾಗದದ ಮೇಲೆಯೇ ಉಳಿಯುತ್ತದೆ.

ಸೌದೆ ಸುಲಭವಾಗಿ ಸಿಗುವ, ದಿನವೂ ಮುದ್ದೆ ಸಾರು ಮಾಡುವ ಮನೆಗಳಿಗೆ ಈ ಒಲೆಯನ್ನು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಕಟ್ಟಿಸುವ ದಿನ ನಿತ್ಯ ಬಳಸುವ ಪಾತ್ರೆಗಳನ್ನು ಎದುರಿಗಿಟ್ಟೇ ಕುಳಿಯ ಅಳತೆ ತೆಗೆಸಬೇಕು, ಮತ್ತು ಕೊಳವೆಯ ಬುಡದಲ್ಲಿ ಕೈ ಹಿಡಿಸುವಷ್ಟು ಕಿಂಡಿ ಬಿಡಿಸದೆ ಹಣ ಕೊಡಬಾರದು. ನಮ್ಮ ಎರಡನೆಯ ಒಲೆಯಲ್ಲಿ ಆ ಕಿಂಡಿಯಿದೆ. ಅಮ್ಮ ಅದಕ್ಕೆ ಹೆಂಚಿನ ಚೂರೊಂದನ್ನು ಮುಚ್ಚಿ ಸುತ್ತಲೂ ಸಗಣಿ ಮಣ್ಣು ಮೆತ್ತಿರುತ್ತಾರೆ. ಅಮಾವಾಸ್ಯೆಗೊಮ್ಮೆ ಅದನ್ನು ಕಿತ್ತು, ಮಸಿ ತೆಗೆದು, ಮತ್ತೆ ಮೆತ್ತುತ್ತಾರೆ.