ಐದು ವರ್ಷ, 63,000 ಕಿ.ಮೀ.: ಎಕ್ಸ್‌ಟೆಂಡೆಡ್ ವಾರಂಟಿಯ ಲೆಕ್ಕ

ದೇವಿಮನೆ ಘಟ್ಟದ ತಿರುವೊಂದರಲ್ಲಿ ಸ್ಟೇರಿಂಗ್ ಮಣಭಾರವಾದ ಆ ಸಂಜೆಯವರೆಗೂ, ಕಾರಿನ ಎಕ್ಸ್‌ಟೆಂಡೆಡ್ ವಾರಂಟಿಗೆ, ಅಂದರೆ ಮೂಲ ವಾರಂಟಿಯ ಅವಧಿಯನ್ನು ಮುಂದಕ್ಕೆ ವಿಸ್ತರಿಸಲು, ಕೊಟ್ಟ 15,900 ರೂಪಾಯಿ ದಂಡವಾಯಿತೆಂದೇ ನಾನು ತಿಳಿದಿದ್ದೆ. 2023ರ ಜೂನ್ ತಿಂಗಳು. ಶಿರಸಿಯ ತವರಿನಿಂದ ಕುಮಟಾಕ್ಕೆ ಇಳಿಯುತ್ತಿದ್ದೆ, ಪಕ್ಕದ ಸೀಟಿನಲ್ಲಿ ಅಮ್ಮ. ಮಳೆ ಆಗಷ್ಟೇ ಹಿಡಿದುಕೊಂಡಿತ್ತು. ಡ್ಯಾಶ್‌ಬೋರ್ಡಿನಲ್ಲಿ ಸ್ಟೇರಿಂಗ್ ಚಿತ್ರದ ಹಳದಿ ದೀಪ ಹೊತ್ತಿತು, ಹಿಂದೆಯೇ ಚಕ್ರ ಬಿಗಿಯಿತು. ಎರಡೂ ಕೈಯಿಂದ ಎಳೆದು ಹೇಗೋ ಕಾರನ್ನು ಗುಡ್ಡದ ಬದಿಗೆ ತಂದು ನಿಲ್ಲಿಸಿದೆ. ಎಂಜಿನ್ ಆರಿಸಿ ಮತ್ತೆ ಹಚ್ಚಿದಾಗ ದೀಪ ಹೋಯಿತು, ಎರಡು ಕಿಲೋಮೀಟರ್ ಕಳೆದು ಮತ್ತೆ ಬಂತು. ಮನೆ ಮುಟ್ಟುವಾಗ ನನ್ನ ಭುಜಗಳು ನಡುಗುತ್ತಿದ್ದವು.

ಪವರ್ ಸ್ಟೇರಿಂಗಿನ ವಿದ್ಯುತ್ ಮೋಟಾರು ಕೆಟ್ಟಿತ್ತು. ಅದೊಂದನ್ನೇ ಬಿಡಿಯಾಗಿ ಕೊಡುವುದಿಲ್ಲವಂತೆ, ಇಡೀ ಜೋಡಣೆಯನ್ನೇ ಬದಲಿಸಬೇಕು. ಅಂದಾಜು 41,300 ರೂಪಾಯಿ. ಕಾರಿಗೆ ಆಗ 36,000 ಕಿ.ಮೀ. ಆಗಿತ್ತು. ಕಂಪನಿಯ ಮೂಲ ವಾರಂಟಿ ಎರಡು ವರ್ಷ ಅಥವಾ 40,000 ಕಿ.ಮೀ., ಯಾವುದು ಮೊದಲೋ ಅದು. 2020ರ ಜುಲೈನಲ್ಲಿ ಕೊಂಡ ಕಾರು. ಕಿಲೋಮೀಟರ್ ಉಳಿದಿದ್ದರೂ ಅವಧಿ ಹಿಂದಿನ ವರ್ಷವೇ ಮುಗಿದಿತ್ತು. ಐದು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ವರೆಗಿನ ವಿಸ್ತರಣೆ ಇಲ್ಲದಿದ್ದರೆ ಅಷ್ಟೂ ಹಣ ನನ್ನ ಕೈಯಿಂದಲೇ ಹೋಗುತ್ತಿತ್ತು. ಬಿಡಿಭಾಗ ಬರಲು ಒಂಬತ್ತು ದಿನ ಹಿಡಿಯಿತು, ಬದಲಿ ಕಾರು ಕೊಡಲಿಲ್ಲ, ಶಾಲೆಗೆ ಬಸ್ಸಿನಲ್ಲಿ ಓಡಾಡಿದೆ. ಆದರೆ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಆ ಕೆಲಸದ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲರೂ ಕಣ್ಣುಮುಚ್ಚಿ ಕೊಳ್ಳಿ ಎಂದು ಬರೆಯಬಹುದಿತ್ತು. ಆದರೆ ಈ ವಾರಂಟಿಗೆ ಎರಡು ಬೆಲೆಗಳಿವೆ. ಮೊದಲನೆಯದನ್ನು ಶೋರೂಮಿನಲ್ಲಿ ಒಮ್ಮೆ ಕೊಡುತ್ತೇವೆ, ಎರಡನೆಯದನ್ನು ಪ್ರತಿ ವರ್ಷ ಸರ್ವಿಸ್ ಬಿಲ್ಲಿನಲ್ಲಿ ಕೊಡುತ್ತಲೇ ಇರುತ್ತೇವೆ. ನಿಗದಿತ ಅವಧಿಯ ಪ್ರತಿ ಸರ್ವಿಸನ್ನೂ ಅಧಿಕೃತ ಕೇಂದ್ರದಲ್ಲೇ ಮಾಡಿಸಬೇಕು, ತಪ್ಪಿದರೆ ವಾರಂಟಿ ಹೋಯಿತು ಎಂಬುದು ಷರತ್ತು. ಹುಬ್ಬಳ್ಳಿ, ಬೆಂಗಳೂರಿನವರಿಗೆ ಇದೊಂದು ಷರತ್ತೇ ಅಲ್ಲ. ನಮ್ಮ ಕರಾವಳಿಯಲ್ಲಿ ಹಾಗಲ್ಲ. ನನ್ನ ಕಾರಿನ ಕಂಪನಿಗೆ ಕುಮಟಾದಲ್ಲಿ ಕೇಂದ್ರವಿಲ್ಲ, ಗಂಗಾವಳಿ ನದಿ ದಾಟಿ ಅರವತ್ತು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಒಂದು ದಿನದ ರಜೆ, ಪೆಟ್ರೋಲು, ಊಟದ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಬಿಲ್ಲಿನಲ್ಲಿ ಕಾಣುವುದರ ಬಗ್ಗೆಯೂ ಹೇಳಬೇಕು. ಮೂರನೇ ವರ್ಷದ ಸರ್ವಿಸಿಗೆ ಅವರು ಬರೆದ ಅಂದಾಜು 9,200 ರೂಪಾಯಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಆಯಿಲ್ ಸರಿ. ಅವುಗಳ ಕೆಳಗೆ ಎಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎ.ಸಿ. ಸೋಂಕು ನಿವಾರಣೆ, ಹೊಳಪು ಕೊಡುವ ಯಾವುದೋ ಲೇಪನ. ಹಿಂದಿನ ಎರಡು ವರ್ಷ ನಾನು ಮರುಮಾತಿಲ್ಲದೆ ಇವಕ್ಕೆಲ್ಲ ಸಹಿ ಹಾಕಿದ್ದೆ, ಹಾಕದಿದ್ದರೆ ವಾರಂಟಿಗೆ ತೊಂದರೆಯಾದೀತೆಂಬ ಹೆದರಿಕೆಯಿಂದ. ಈ ಬಾರಿ ಕಾರಿನ ಜೊತೆ ಬಂದ ಕೈಪಿಡಿಯನ್ನು ಕೊಂಡೊಯ್ದಿದ್ದೆ. ನಿರ್ವಹಣೆಯ ಪಟ್ಟಿಯಿರುವ ಪುಟವನ್ನು ತೆರೆದು ಅಡ್ವೈಸರ್ (ಗ್ರಾಹಕರ ಜೊತೆ ಮಾತಾಡುವ ಕೇಂದ್ರದ ಸಿಬ್ಬಂದಿ) ಮೇಜಿನ ಮೇಲಿಟ್ಟು, ಕೆಲಸದ ವಿವರ ಬರೆಯುವ ಜಾಬ್ ಕಾರ್ಡನ್ನೂ ತೋರಿಸಿ ಕೇಳಿದೆ: "ಈ ನಾಲ್ಕು ಇದರಲ್ಲಿ ಎಲ್ಲಿವೆ? ಇವನ್ನು ಬೇಡವೆಂದರೆ ವಾರಂಟಿ ಹೋಗುತ್ತದೆ ಎಂದು ಜಾಬ್ ಕಾರ್ಡಿನಲ್ಲಿ ಬರೆದು ಕೊಡುತ್ತೀರಾ?" ಆ ಹುಡುಗ ಒಳಗೆ ಹೋಗಿ ಬಂದ. "ಬೇಕಾಗಿಲ್ಲ ಮೇಡಂ, ನಿಮ್ಮ ಇಷ್ಟ" ಎಂದ. ಬಿಲ್ಲು 5,700ಕ್ಕೆ ಇಳಿಯಿತು. ಉಳಿದ 3,500 ರೂಪಾಯಿ ನನ್ನ ಹೆದರಿಕೆಯ ಬೆಲೆಯಾಗಿತ್ತು. ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಂದು ದಾರಿಯುದ್ದಕ್ಕೂ ಅನಿಸಿತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಡಿಭಾಗದ ತುಕ್ಕು ನಿರೋಧಕ ಲೇಪನದ ಮಾತು ಬೇರೆ. ಸಮುದ್ರದ ಉಪ್ಪುಗಾಳಿಗೆ ನಮ್ಮ ಊರಿನಲ್ಲಿ ಕಿಟಕಿಯ ಸರಳೂ ಉಳಿಯುವುದಿಲ್ಲ, ಕಾರಿನ ಅಡಿಭಾಗ ಉಳಿಯುವುದು ಹೇಗೆ? ಅದನ್ನು ಮಾಡಿಸಿದ್ದೇನೆ, ಮಳೆಗಾಲಕ್ಕೆ ಮುಂಚೆ ಮಾಡಿಸಿ ಎಂದೂ ಹೇಳುತ್ತೇನೆ. ಆದರೆ ತುಕ್ಕು ವಾರಂಟಿಯ ಹೊರಗಿನದು ಎಂಬುದು ನೆನಪಿರಲಿ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಬಲ್ಬು, ಟೈರು, ರಬ್ಬರಿನ ಬುಶ್‌ಗಳೂ ಹೊರಗೇ. ನಾಲ್ಕನೇ ವರ್ಷ ಮುಂದಿನ ಸಸ್ಪೆನ್ಷನ್ನಿನಲ್ಲಿ ಕಟಕಟ ಸದ್ದು ಬಂದಾಗ "ಇದು ಸವೆತ" ಎಂದು 5,600 ರೂಪಾಯಿ ತೆಗೆದುಕೊಂಡರು. ಹೆದ್ದಾರಿಯ ಹೊಂಡಗಳನ್ನು ನೆನೆದು ಸುಮ್ಮನಾದೆ. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಇಲಿ ಸೇರಿ ವೈರು ಕಡಿದರೆ, ನೀರು ನುಗ್ಗಿ ಎಂಜಿನ್ ಕೆಟ್ಟರೆ ಅದೂ ವಾರಂಟಿಗೆ ಬರುವುದಿಲ್ಲ, ಅವನ್ನು ವಿಮೆಯ ಕಡೆಯಿಂದ ಕೇಳಬೇಕು. ನೀರಿನಿಂದ ಎಂಜಿನ್ ಕೆಟ್ಟರೆ ಸಾಮಾನ್ಯ ವಿಮೆಯೂ ಸಾಲದು, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಬೇಕಾಗುತ್ತದೆ.

ಇನ್ನು ನನ್ನನ್ನು ನಿಜವಾಗಿ ಕಾಡಿದ ಪ್ರಸಂಗ. 2024ರ ಜುಲೈ 24ಕ್ಕೆ ವಾರ್ಷಿಕ ಸರ್ವಿಸಿನ ದಿನ. ಜುಲೈ 22ಕ್ಕೆ ಬುಕ್ ಮಾಡಿದ್ದೆ. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಅಲ್ಲಿ ಹೋದ ಜೀವಗಳ ಮುಂದೆ ಕಾರಿನ ಸರ್ವಿಸ್ ಏನೂ ಅಲ್ಲ, ಆ ದಿನಗಳಲ್ಲಿ ಅದರ ನೆನಪೂ ನಮಗಿರಲಿಲ್ಲ. 66ನೇ ರಾಷ್ಟ್ರೀಯ ಹೆದ್ದಾರಿ ಬಂದ್ ಆಯಿತು, ಬುಕಿಂಗ್ ರದ್ದಾಯಿತು. ರಸ್ತೆ ತೆರೆದ ಮೇಲೆ ಕರೆ ಮಾಡಿದರೆ ಕೆಲಸ ಬಾಕಿ ಬಿದ್ದಿದೆಯೆಂದು ಸೆಪ್ಟೆಂಬರ್ 3 ಕೊಟ್ಟರು. ಆ ತಾರೀಖಿನ ಸಂದೇಶ ಮೊಬೈಲಿಗೆ ಬಂತು. ಅಂದೇ ಹೋಗಿ ಸರ್ವಿಸ್ ಮಾಡಿಸಿದೆ.

ಡಿಸೆಂಬರಿನಲ್ಲಿ ಎ.ಸಿ. ಕಂಪ್ರೆಸರ್ ಕೆಟ್ಟಿತು. ಅಂದಾಜು 27,800 ರೂಪಾಯಿ. ಅಡ್ವೈಸರ್ ಕಂಪ್ಯೂಟರಿನಲ್ಲಿ ಹಳೆಯ ದಾಖಲೆಯನ್ನು ನೋಡಿ ಪರದೆಯನ್ನು ನನ್ನ ಕಡೆ ತಿರುಗಿಸಿದ. ಸರ್ವಿಸ್ 41 ದಿನ ತಡ, ರಿಯಾಯಿತಿ ಇರುವುದು 30 ದಿನ, ಕ್ಲೇಮ್ ತಿರಸ್ಕೃತ. ಎಂಜಿನ್ ಆಯಿಲ್ ಹನ್ನೊಂದು ದಿನ ತಡವಾಗಿ ಬದಲಾದರೆ ಎ.ಸಿ. ಕಂಪ್ರೆಸರ್ ಹೇಗೆ ಕೆಡುತ್ತದೆ ಎಂದು ಕೇಳಿದೆ. ಅವನಲ್ಲಿ ಉತ್ತರವಿರಲಿಲ್ಲ, ವ್ಯವಸ್ಥೆ ಒಪ್ಪುತ್ತಿಲ್ಲ ಎಂದಷ್ಟೇ ಹೇಳಿದ. ನನಗೆ ಬಂದ ಸಿಟ್ಟು ಸಣ್ಣದಲ್ಲ. ತಾರೀಖು ಕೊಟ್ಟವರು ಅವರೇ!

ದುರಸ್ತಿ ಮಾಡಿಸದೆ, ತಿರಸ್ಕರಿಸಿದ ಕಾರಣವನ್ನು ಬರಹದಲ್ಲಿ ಪಡೆದು ಮನೆಗೆ ಬಂದೆ. ಅಂದು ನಾನು ಮಾಡಿದ ಒಳ್ಳೆಯ ಕೆಲಸ ಅದು. ಮೊಬೈಲಿನ ಎರಡು ಸಂದೇಶಗಳು, ಅಲ್ಲಿಯವರೆಗಿನ ಎಲ್ಲ ವರ್ಷಗಳ ಬಿಲ್ಲುಗಳು, ತಿರಸ್ಕಾರದ ಪ್ರತಿ, ಎಲ್ಲವನ್ನೂ ಸೇರಿಸಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದೆ. ಹದಿನೈದು ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದೂ ಬರೆದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. ಸಹಾಯವಾಣಿ 1915. ಆಯೋಗದವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಮೂರನೇ ವಾರದಲ್ಲಿ "ವಿಶೇಷ ಪ್ರಕರಣ" ಎಂದು ಒಪ್ಪಿದರು. ಗ್ಯಾಸ್ ಮತ್ತು ಆಯಿಲಿಗೆ ಮಾತ್ರ 2,400 ರೂಪಾಯಿ ಕೊಟ್ಟೆ. ವಿಶೇಷ ಪ್ರಕರಣ ಎಂಬ ಮಾತು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಅದು ನನಗೆ ಸಲ್ಲಬೇಕಾದದ್ದೇ ಆಗಿತ್ತು.

ಲೆಕ್ಕ ಹಾಕಿದರೆ ನನಗೆ ಉಳಿದದ್ದು 41,300 ಮತ್ತು 25,400, ಒಟ್ಟು 66,700 ರೂಪಾಯಿ. ಕೊಟ್ಟದ್ದು ವಾರಂಟಿಯ 15,900, ಕೊನೆಯ ಮೂರು ವರ್ಷ ಊರಿನ ಗ್ಯಾರೇಜು ಬಿಟ್ಟು ಅಲ್ಲಿಗೆ ಹೋದದ್ದಕ್ಕೆ ಹೆಚ್ಚು ತೆತ್ತ ಸುಮಾರು 6,000, ಓಡಾಟದ ಪೆಟ್ರೋಲು ಸುಮಾರು 2,700. ನನ್ನ ಮಟ್ಟಿಗೆ ಲಾಭವೇ. ಆದರೆ ನಮ್ಮ ಶಾಲೆಯ ಇನ್ನೊಬ್ಬ ಅಕ್ಕೋರು (ಶಿಕ್ಷಕಿ) ಅದೇ ವರ್ಷ ಕೊಂಡ ಕಾರಿಗೆ ಐದು ವರ್ಷಗಳಲ್ಲಿ ಒಂದೂ ಕ್ಲೇಮ್ ಬರಲಿಲ್ಲ, ಅವರ ಹಣವೆಲ್ಲ ಹೋಯಿತು.

ಕಂಪನಿಯದೇ ಎಕ್ಸ್‌ಟೆಂಡೆಡ್ ವಾರಂಟಿ ಬೇರೆ, ಡೀಲರ್ ತನ್ನ ಲೆಕ್ಕದಲ್ಲಿ ಮಾರುವ ಪ್ಯಾಕೇಜು ಬೇರೆ. ಶೋರೂಮಿನಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಕಾಗದದ ತಲೆಬರಹದಲ್ಲಿ ಯಾರ ಹೆಸರಿದೆ ನೋಡಿ. ನನಗೆ ಮೊದಲು ತೋರಿಸಿದ್ದು ಎರಡನೆಯದು: ಅದೇ ಡೀಲರನ ಕೇಂದ್ರಗಳಲ್ಲಿ ಮಾತ್ರ ನಡೆಯುತ್ತದೆ, ಪ್ರತಿ ಕ್ಲೇಮಿಗೂ ಮಿತಿಯಿದೆ. ಅದನ್ನು ಕೊಳ್ಳಬೇಡಿ. ಕಂಪನಿಯದನ್ನು ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮುಂಚೆ ಯಾವಾಗ ಬೇಕಾದರೂ ಕೊಳ್ಳಬಹುದು, ತಡವಾದಷ್ಟು ಬೆಲೆ ಸ್ವಲ್ಪ ಏರುತ್ತದೆ. ಕೀಲಿ ಕೈಗೆ ಬರುವ ಸಂಭ್ರಮದ ದಿನವೇ ಸಹಿ ಹಾಕಬೇಕಾಗಿಲ್ಲ. ವಿದ್ಯುತ್ ಸ್ಟೇರಿಂಗ್, ಟಚ್ ಸ್ಕ್ರೀನ್, ಆಟೋಮ್ಯಾಟಿಕ್ ಗೇರ್ ಇರುವ ಕಾರಾಗಿದ್ದು, ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡಿಸುವವರಾಗಿದ್ದು, ಅಧಿಕೃತ ಕೇಂದ್ರ ನಿಮ್ಮ ತಾಲ್ಲೂಕಿನಲ್ಲೇ ಇದ್ದರೆ ಕೊಳ್ಳಿ. ಹೊರಗಿನ ಅಂಗಡಿಯಲ್ಲಿ ವೈರು ಕತ್ತರಿಸಿ ಹಾರ್ನ್, ಲೈಟು ಹಾಕಿಸಬೇಡಿ, ವಿದ್ಯುತ್ ಭಾಗದ ಕ್ಲೇಮನ್ನು ಅದೊಂದೇ ಕಾರಣಕ್ಕೆ ಕಳೆದುಕೊಂಡೀರಿ.

2025ರ ಜುಲೈಗೆ ನನ್ನ ವಾರಂಟಿ ಮುಗಿಯಿತು. ಇನ್ನೊಂದು ವರ್ಷ ವಿಸ್ತರಿಸಿ ಎಂದು ಮೂರು ಸಲ ಕರೆ ಬಂತು, ಬೇಡವೆಂದೆ. ಆಗಸ್ಟಿನ ಸರ್ವಿಸನ್ನು ಕುಮಟಾದ ಗ್ಯಾರೇಜಿನಲ್ಲೇ ಮಾಡಿಸಿದೆ. ಅಲ್ಲಿಯವರು ಕಾರನ್ನು ಎತ್ತಿ, ದೀಪ ಹಿಡಿದು, "ಅಕ್ಕೋರೇ, ಬನ್ನಿ, ನೀವೇ ನೋಡಿ" ಎಂದು ಅಡಿಭಾಗವನ್ನು ತೋರಿಸಿದರು. ಸೈಲೆನ್ಸರಿನ ಬೆಸುಗೆಯ ಬಳಿ ತುಕ್ಕು ಹಿಡಿಯತೊಡಗಿತ್ತು. ಐದು ವರ್ಷ ಅಧಿಕೃತ ಕೇಂದ್ರಕ್ಕೆ ಹೋಗಿದ್ದರೂ ನನ್ನ ಕಾರಿನ ಅಡಿಭಾಗವನ್ನು ನಾನು ನೋಡಿದ್ದು ಅದೇ ಮೊದಲು.